ಎಲ್ಲರೂ ಒಪ್ಪಿದ್ದಾರೆ

ಮಾರ್ಲೋ ಗ್ಯಾಪ್, ಪಶ್ಚಿಮ ಟೆಕ್ಸಸ್
ಆಗಸ್ಟ್ 3, 2011

ಓರ್ವಲ್ ಅವರಿಗೆ,

ಮೊಮ್ಮಗುವನ್ನು ಆಡಿಸಲು ಹ್ಯೂಸ್ಟನ್‌ಗೆ ಹೋದ ನೀವು ಶಾಲಾ ಮಂಡಳಿಯ ಅಧ್ಯಕ್ಷಗಿರಿಯನ್ನೂ ಪೆಟ್ಟಿಗೆಯಲ್ಲಿ ಹಾಕಿಕೊಂಡು ಹೋದಂತಿದೆ. ಫೋನ್ ಮಾಡಿದರೆ ಎತ್ತುವುದಿಲ್ಲ. ಅದಕ್ಕೇ ಈ ಕಾಗದ.

ವಿಷಯ ಪಕ್ಕದ ಊರು ಟ್ಯಾಪ್ಲಿನ್‌ನದು. ಅವರ ಶಾಲಾ ಸೂಪರಿಂಟೆಂಡೆಂಟ್ ಜೂನ್‌ನಲ್ಲಿ ಹೇಳದೆ ಕೇಳದೆ ಕೆಲಸ ಬಿಟ್ಟು ಹೋದ. ತೊಂಬತ್ತಾರು ಮಕ್ಕಳ ಶಾಲೆ. ಹಾಜರಿ, ಪರೀಕ್ಷೆ, ಬಜೆಟ್ಟು, ಯಾವ ವರದಿಯೂ ಆಸ್ಟಿನ್‌ನ ರಾಜ್ಯ ಶಿಕ್ಷಣ ಇಲಾಖೆಗೆ ಹೋಗಿಲ್ಲ. ನವೆಂಬರ್ ಕೊನೆಯೊಳಗೆ ಹೋಗದಿದ್ದರೆ ಸರ್ಕಾರ ಶಾಲೆಗೆ ಬೀಗ ಹಾಕಿ ಮಕ್ಕಳನ್ನು ಸುತ್ತಲಿನ ಊರುಗಳಿಗೆ ಹಂಚುತ್ತದೆ. ವಾರಕ್ಕೆ ಎರಡು ಮಧ್ಯಾಹ್ನ ಬಂದು ಇದನ್ನೆಲ್ಲ ಮಾಡಿಕೊಡಿ ಎಂದು ಅವರ ಮಂಡಳಿ ನನ್ನನ್ನು ಕೇಳಿದೆ. ಮಧ್ಯಾಹ್ನಕ್ಕೆ ಇನ್ನೂರು ಡಾಲರ್, ಜೊತೆಗೆ ನನ್ನ ಕಾರಿನ ಮೈಲಿ ಖರ್ಚು. ಹಣ ಬೇಡವೆಂದು ನಾಟಕ ಆಡುವುದಿಲ್ಲ. ಮೇ ತಿಂಗಳ ಆಲಿಕಲ್ಲಿಗೆ ನನ್ನ ಮನೆಯ ಚಾವಣಿ ಜರಡಿಯಾಗಿದೆ.

ನಿಯಮ ನಿಮಗೆ ಗೊತ್ತೇ ಇದೆ. ನನ್ನ ಹಾಗೆ ಸೂಪರಿಂಟೆಂಡೆಂಟ್ ಆದವಳು ಹೊರಗೆ ಎಲ್ಲಿ ದುಡಿದು ಹಣ ಪಡೆದರೂ, ಅದು ಇನ್ನೊಂದು ಸರ್ಕಾರಿ ಶಾಲೆಯೇ ಆದರೂ, ತನ್ನ ಮಂಡಳಿ ಬಹಿರಂಗ ಸಭೆಯಲ್ಲಿ ಆ ಕೆಲಸಕ್ಕೇ ಎಂದು ಒಪ್ಪಿಗೆ ಕೊಡಬೇಕು. ಸಭೆಯ ಕಾರ್ಯಸೂಚಿಯನ್ನು ಮೂರು ದಿನ ಮೊದಲು ಶಾಲೆಯ ಬಾಗಿಲಿಗೆ ಅಂಟಿಸಬೇಕು. ಹದಿನೈದರ ಸಭೆಗೆ ಇದನ್ನು ಸೇರಿಸಲು ನಿಮ್ಮ ಒಂದು ಮಾತು ಬೇಕು.

ನಿಮ್ಮ ಮನೆಯವರಾದ ಇಮೋಜೀನ್ ಮೇಡಂ ಅವರಿಗೆ ನನ್ನ ನೆನಪು ಹೇಳಿ. ಅವರ ಎರಡನೇ ಕ್ಲಾಸಿನಲ್ಲಿ ಕಲಿತ ಈ ಹುಡುಗಿ ಈಗಲೂ ಕೈಬರಹ ಕೆಡಿಸಿಕೊಂಡಿಲ್ಲ ಎಂದು ತೋರಿಸಿ.

ನಿಮ್ಮ
ನೆಲ್ಡಾ ಟಿಡ್ವೆಲ್

*

ಹ್ಯೂಸ್ಟನ್
ಆಗಸ್ಟ್ 10, 2011

ನೆಲ್ಡಾ,

ನಿನ್ನ ಕಾಗದ ಬಂತು. ಇದನ್ನು ನಿನ್ನ ಮನೆಯ ವಿಳಾಸಕ್ಕೆ ಕಳಿಸುತ್ತಿದ್ದೇನೆ. ಕಚೇರಿಯಲ್ಲಿ ಅಂಚೆ ಒಡೆಯುವ ಹೆಂಗಸಿಗೆ ಬಾಯಿ ಭದ್ರವಿಲ್ಲ.

ಕಾರ್ಯಸೂಚಿಗೆ ಹಾಕುವುದು ಬೇಡ. ಫುಟ್‌ಬಾಲ್ ಶುರುವಾಗಲು ಹದಿನೈದು ದಿನವಿರುವಾಗ ನಮ್ಮ ಶಾಲೆಯ ಬಾಗಿಲಿಗೆ ಟ್ಯಾಪ್ಲಿನ್ ಎಂಬ ಹೆಸರು ಅಂಟಿಸಿದರೆ ಬಾಗಿಲನ್ನೇ ಕಿತ್ತುಕೊಂಡು ಹೋಗುತ್ತಾರೆ. ಮೂರು ವರ್ಷದಿಂದ ಅವರ ಕೈಲಿ ಸೋಲುತ್ತಿದ್ದೇವೆ. ತಂಡಕ್ಕೆ ಆರೇ ಜನರ ಆಟವಾದರೂ ಶಾಲೆಯಲ್ಲಿ ಆ ಆರು ಹುಡುಗರನ್ನು ಹುಡುಕಿ ಮೈದಾನಕ್ಕೆ ಇಳಿಸುವುದೇ ನಮ್ಮ ಊರಿಗೆ ದೊಡ್ಡ ಸಾಹಸ. ಆ ಗಾಯಕ್ಕೆ ನೀನು ಉಪ್ಪು ಸವರಬೇಡ.

ನಾನು ಉಳಿದ ಆರೂ ಸದಸ್ಯರಿಗೆ ಫೋನ್ ಮಾಡಿ ಕೇಳಿದ್ದೇನೆ. ಎಲ್ಲರೂ ಒಪ್ಪಿದ್ದಾರೆ. ಡಾಯ್ಲ್ ಹಟ್ಟೋ ಮಾತ್ರ ಸ್ವಲ್ಪ ಗೊಣಗಿ, "ಆಯ್ತು ಬಿಡಿ, ಮಕ್ಕಳ ವಿಷಯ ತಾನೇ" ಅಂದ. ನೀನು ಕೆಲಸ ಶುರು ಮಾಡು. ಡಿಸೆಂಬರ್‌ನಲ್ಲಿ ಆಟದ ಕಾಲ ಮುಗಿದ ಮೇಲೆ ಬಹಿರಂಗ ಸಭೆಯಲ್ಲಿ ಶಾಸ್ತ್ರಕ್ಕೆ ಕೈ ಎತ್ತಿಸೋಣ.

ಇಮೋಜೀನ್ ಚೆನ್ನಾಗಿದ್ದಾಳೆ. ಮಗು ಅಳುತ್ತದೆ.

ಓರ್ವಲ್ ಪ್ರೂಯಿಟ್

*

ಮಾರ್ಲೋ ಗ್ಯಾಪ್
ಸೆಪ್ಟೆಂಬರ್ 12, 2011

ಓರ್ವಲ್ ಅವರಿಗೆ,

ನಿಮ್ಮ ಮಾತಿನ ಮೇಲೆ ಟ್ಯಾಪ್ಲಿನ್‌ಗೆ ಹೋಗತೊಡಗಿ ಮೂರು ವಾರವಾಯಿತು. ಮಂಗಳವಾರ, ಗುರುವಾರ ಮಧ್ಯಾಹ್ನ ನಮ್ಮ ಕಚೇರಿಯಲ್ಲಿ ಅರ್ಧ ದಿನದ ರಜೆ ಬರೆದಿಟ್ಟು, ನನ್ನದೇ ಕಾರಿನಲ್ಲಿ ಹತ್ತೊಂಬತ್ತು ಮೈಲಿ ಹೋಗಿ ಬರುತ್ತೇನೆ. ಬಹಿರಂಗ ಸಭೆಯ ಒಪ್ಪಿಗೆ ಇಲ್ಲದೆ ಶುರು ಮಾಡಿದ್ದು ಸರಿಯಲ್ಲ ಎಂದು ಗೊತ್ತು. ಬೇರೆ ಯಾರಾದರೂ ನಿಮ್ಮ ಹಾಗೆ ಬರೆದಿದ್ದರೆ ಒಪ್ಪುತ್ತಿರಲಿಲ್ಲ.

ಅಲ್ಲಿಯ ಅವಸ್ಥೆ ಹೇಳಿದರೆ ನಗುತ್ತೀರಿ. ಆಸ್ಟಿನ್‌ನಿಂದ ಬಂದ ಲಕೋಟೆಗಳನ್ನು ಒಡೆಯದೆ ಒಂದು ಫ್ರೀಜರಿನಲ್ಲಿ ತುಂಬಿಟ್ಟಿದ್ದರು. ಕೆಟ್ಟು ನಿಂತ ಫ್ರೀಜರು, ಬೀಗ ಇರುವ ಪೆಟ್ಟಿಗೆ ಶಾಲೆಯಲ್ಲಿ ಅದೊಂದೇ ಅಂತೆ. ಫುಟ್‌ಬಾಲ್ ಕೋಚ್ ಎರಡು ಬೆರಳಲ್ಲಿ ಟೈಪ್ ಮಾಡಿಕೊಡುತ್ತಾನೆ. ಊಟಕ್ಕೆ ಬೇಯಿಸಿದ ಪಿಂಟೋ ಬೀನ್ಸು ಕಾಳು, ಮೆಕ್ಕೆಜೋಳದ ಬ್ರೆಡ್ಡು. ಕಾಫಿಯನ್ನು ಅವರ ತಂಡದ ಗೂಳಿ ಚಿತ್ರದ ಲೋಟದಲ್ಲಿ ಕೊಟ್ಟರು. ಕುಡಿದೆ. ನಮ್ಮೂರಿನಲ್ಲಿ ಹೇಳಬೇಡಿ.

ಕೆಲಸ ನನಗೆ ಹಿಡಿಸಿದೆ ಎಂಬುದನ್ನೂ ಹೇಳಿಬಿಡುತ್ತೇನೆ. ಆ ಮಕ್ಕಳಿಗೆ ತಮ್ಮ ಶಾಲೆ ಇನ್ನು ಎರಡು ತಿಂಗಳಲ್ಲಿ ಇರುತ್ತದೋ ಇಲ್ಲವೋ ಗೊತ್ತಿಲ್ಲ, ಆದರೂ ಗೋಡೆಗೆ ಬಣ್ಣ ಹಚ್ಚುತ್ತಿದ್ದಾರೆ.

ಮಗುವಿಗೆ ಏನು ಹೆಸರಿಟ್ಟಿರಿ? ಕಳೆದ ಸಲವೇ ಕೇಳಬೇಕಿತ್ತು.

ನೆಲ್ಡಾ

*

ಮಾರ್ಲೋ ಗ್ಯಾಪ್
ಅಕ್ಟೋಬರ್ 10, 2011

ಓರ್ವಲ್ ಅವರಿಗೆ,

ಉತ್ತರವಿಲ್ಲ, ಫೋನಿಲ್ಲ. ಇಲ್ಲಿ ನನ್ನ ತಲೆ ಸೀಳುತ್ತಿದ್ದಾರೆ.

ಕಳೆದ ಗುರುವಾರ ನನ್ನ ಕಾರು ಶುರುವಾಗಲಿಲ್ಲ. ಟ್ಯಾಪ್ಲಿನ್‌ನ ಬಜೆಟ್ಟಿಗೆ ಅಂದು ಸಹಿ ಬೀಳಲೇಬೇಕಿತ್ತು. ನಮ್ಮ ಶಾಲೆಯ ಬಿಳಿ ವ್ಯಾನು ತೆಗೆದುಕೊಂಡು ಹೋದೆ. ಎರಡೂ ಬಾಗಿಲಿನ ಮೇಲೆ ನಮ್ಮ ತಂಡದ ಕಾಡುಬೆಕ್ಕು ಹಲ್ಲು ಕಿರಿಯುತ್ತಿರುವ ಅದೇ ವ್ಯಾನು. ಅದನ್ನು ಟ್ಯಾಪ್ಲಿನ್ ಶಾಲೆಯ ಮುಂದೆ, ಕೋಚಿನ ಕಿಟಕಿಯ ಕೆಳಗೆ ನಿಲ್ಲಿಸಿದೆ. ಯಾರೋ ಫೋಟೋ ಹೊಡೆದರು. ಮಾರನೆಯ ದಿನ ಶುಕ್ರವಾರ. ಆಟ ಅವರ ವಿರುದ್ಧವೇ. ಅವರದು ಐವತ್ತೆಂಟು ಅಂಕ, ನಮ್ಮದು ಹನ್ನೆರಡು.

ಊರೆಲ್ಲ ಈಗ ಒಂದೇ ಮಾತು: ಸೂಪರಿಂಟೆಂಡೆಂಟ್ ನಮ್ಮ ಆಟದ ಗುಟ್ಟನ್ನು ಮಾರಿಕೊಂಡಳು. ಚೆಂಡು ಹಿಡಿದು ಯಾವ ಕಡೆಗೆ ಓಡಬೇಕು ಎಂಬುದೇ ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ, ಓರ್ವಲ್ ಅವರೇ!

ಶನಿವಾರ ಡಾಯ್ಲ್ ಹಟ್ಟೋ ಅವರ ಮೇವಿನ ಅಂಗಡಿಗೆ ಕೋಳಿ ಕಾಳು ತರಲು ಹೋಗಿದ್ದೆ. ಅಂಗಡಿಯಲ್ಲಿ ಐದಾರು ಜನ. ಡಾಯ್ಲ್ ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಕೂಗಿದರು, "ಏನ್ ಮೇಡಂ, ಟ್ಯಾಪ್ಲಿನ್‌ನಲ್ಲಿ ಕಾಳು ಸಿಗ್ಲಿಲ್ವಾ? ಅಲ್ಲಿ ಎಲ್ಲಾ ಬಿಟ್ಟಿ ಸಿಗುತ್ತಂತಲ್ಲ ನಿಮಗೆ?"

"ನಾನು ಕದ್ದುಮುಚ್ಚಿ ಹೋಗಿಲ್ಲ. ನೀವೇ ಆಗಸ್ಟ್‌ನಲ್ಲಿ ಆಯ್ತು ಅಂದಿದ್ರಿ," ಅಂದೆ.

"ನಾನಾ? ಯಾರ ಹತ್ರ ಅಂದೆ? ನನ್ನನ್ನ ಯಾರು ಕೇಳಿದ್ರು?"

ಅಷ್ಟು ಜನರ ಮುಂದೆ, ಕಣ್ಣು ಮಿಟುಕಿಸದೆ! ನಾನು ಕಾಳಿನ ಚೀಲ ಅಲ್ಲೇ ಬಿಟ್ಟು ಬಂದೆ. ಊರು ಸಿಟ್ಟಾದಾಗ ಮನುಷ್ಯರು ತಮ್ಮ ಮಾತನ್ನೇ ನುಂಗುತ್ತಾರೆ ಎಂದು ಗೊತ್ತಿತ್ತು, ಆದರೆ ಡಾಯ್ಲ್ ಅಂಥವರೆಂದುಕೊಂಡಿರಲಿಲ್ಲ. ಹದಿನೇಳಕ್ಕೆ ಸಭೆಯಿದೆ. ನೀವು ಅವರಿಗೆ ಒಂದು ಫೋನ್ ಮಾಡಿ, ಸಾಕು.

ನೆಲ್ಡಾ

*

ಹ್ಯೂಸ್ಟನ್
ಅಕ್ಟೋಬರ್ 14, 2011

ನೆಲ್ಡಾ,

ಡಾಯ್ಲ್ ಜೊತೆ ಜಗಳಕ್ಕೆ ಹೋಗಬೇಡ. ಸಭೆಯಲ್ಲಿ ಯಾರು ಏನೇ ಅಂದರೂ, "ಅಧ್ಯಕ್ಷರು ಬಂದ ಮೇಲೆ ಮಾತಾಡೋಣ" ಎಂದು ಸುಮ್ಮನಿರು. ಆಗಸ್ಟ್‌ನ ನನ್ನ ಕಾಗದದ ಸುದ್ದಿ ಎತ್ತಬೇಡ.

ನನ್ನ ಕಾಗದಗಳನ್ನು ಸುಟ್ಟು ಹಾಕು. ಅವು ನಿನ್ನ ಅಡುಗೆಮನೆಗೆ ಬಂದವು, ಕಚೇರಿಗಲ್ಲ. ಇದನ್ನೂ ಸೇರಿಸಿ ಸುಡು.

ಎಲ್ಲವೂ ತಣ್ಣಗಾಗುತ್ತದೆ. ಮೂರು ಆಟ ಗೆದ್ದರೆ ಯಾರಿಗೂ ನೆನಪಿರುವುದಿಲ್ಲ.

ಓರ್ವಲ್

*

ಮಾರ್ಲೋ ಗ್ಯಾಪ್
ಅಕ್ಟೋಬರ್ 21, 2011

ಪ್ರೂಯಿಟ್ ಅವರಿಗೆ,

ನಿಮ್ಮ ಕಾಗದ ಸಭೆಯ ಮಾರನೆಯ ದಿನ ತಲುಪಿತು. ಮೊದಲೇ ತಲುಪಿದ್ದರೂ ನಾನು ಸುಮ್ಮನಿರುತ್ತಿದ್ದೆನೋ ಇಲ್ಲವೋ.

ಸೋಮವಾರ ಶಾಲೆಯ ಊಟದ ಹಾಲ್‌ನಲ್ಲಿ ಕೂರಲು ಜಾಗವಿರಲಿಲ್ಲ. ಡಾಯ್ಲ್ ನಿಮ್ಮ ಕುರ್ಚಿಯಲ್ಲಿ ಕುಳಿತು ಉಳಿದ ಐದೂ ಸದಸ್ಯರನ್ನು ಹೆಸರು ಹಿಡಿದು ಕೇಳಿದರು: ಇವರು ಹೊರಗೆ ಕೆಲಸ ಮಾಡಲು ನಿಮ್ಮ ಒಪ್ಪಿಗೆಯನ್ನು ಯಾರಾದರೂ, ಯಾವಾಗಲಾದರೂ ಕೇಳಿದ್ದರೇ? ಒಬ್ಬೊಬ್ಬರೂ ಇಲ್ಲ ಅಂದರು, ಡಾಯ್ಲ್ ತಾವೂ ಇಲ್ಲ ಅಂದರು. ನನ್ನ ಮದುವೆಯಲ್ಲಿ ಹಾಡಿದ ಹೆಂಗಸೂ ಇಲ್ಲ ಅಂದಳು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, "ನೀವು ಆರೂ ಜನ ಸುಳ್ಳು ಹೇಳ್ತಿದ್ದೀರಿ. ಮಕ್ಕಳಿಗೆ ಪಾಠ ಹೇಳೋ ಜಾಗದಲ್ಲಿ ಕೂತು ಸುಳ್ಳು ಹೇಳ್ತಿದ್ದೀರಿ," ಅಂದೆ. ಇಡೀ ಊರು ಕೇಳಿಸಿಕೊಂಡಿತು.

ಈಗ ಕೇಳಿ. ಬುಧವಾರ ವಾರಪತ್ರಿಕೆಯ ಫ್ರೀಡಾ ಕ್ಯಾಂಟ್‌ರೆಲ್ ಬಂದು ನನ್ನ ಮೇಜಿನ ಮೇಲೆ ಸಾರ್ವಜನಿಕ ದಾಖಲೆ ಕೇಳುವ ಅರ್ಜಿ ಇಟ್ಟಳು. ಟ್ಯಾಪ್ಲಿನ್ ಕೆಲಸದ ಬಗ್ಗೆ ಸೂಪರಿಂಟೆಂಡೆಂಟ್ ಮತ್ತು ಮಂಡಳಿಯವರು ಬರೆದ, ಪಡೆದ ಪ್ರತಿಯೊಂದು ಕಾಗದ. ಹತ್ತು ಕೆಲಸದ ದಿನ ಗಡುವು. ಅಂಥ ಅರ್ಜಿಗೆ ಉತ್ತರ ಕೊಡುವ ಅಧಿಕಾರಿ ಈ ಶಾಲೆಯಲ್ಲಿ ಯಾರು ಗೊತ್ತಲ್ಲ? ನಾನೇ. ಕಾಗದ ಅಡುಗೆಮನೆಗೆ ಬಂತೋ ಕಚೇರಿಗೆ ಬಂತೋ ಎಂಬುದು ಲೆಕ್ಕಕ್ಕಿಲ್ಲ. ಶಾಲೆಯ ವಿಷಯ ಬರೆದಿದ್ದರೆ ಅದು ಊರಿನ ಸ್ವತ್ತು. ಕೇಳಿದ ಮೇಲೆ ಸುಟ್ಟರೆ ಜೈಲು.

ಹಾಗಾಗಿ ನಾನು ಸುಡುವುದಿಲ್ಲ. ನೀವು ಸುಡು ಅಂದದ್ದು ಯಾಕೆಂದು ಬಹಳ ಯೋಚಿಸಿದೆ. ಸಭೆಯ ಹೊರಗೆ ಎಲ್ಲರ ಒಪ್ಪಿಗೆಯನ್ನು ಫೋನಿನಲ್ಲಿ ಕಲೆಹಾಕುವುದು ಅಪರಾಧ, ಆ ಕಾಗದ ಹೊರಬಿದ್ದರೆ ನಿಮ್ಮ ಮೇಲೆ ಕೇಸು ಹಾಕಬಹುದು. ಅದಕ್ಕೆ ತಾನೇ? ನನ್ನ ಬಳಿ ಇರುವ ಒಂದೇ ಆಸರೆಯನ್ನು ಒಲೆಗೆ ಹಾಕು, ನಾನು ಬಚಾವಾಗುತ್ತೇನೆ ಎನ್ನುತ್ತೀರಿ. ಇಪ್ಪತ್ತೆರಡು ವರ್ಷ ನನ್ನ ಬೆನ್ನ ಹಿಂದೆ ನಿಂತವರು ನೀವು. ನನಗೆ ನೋವಾಗಿದೆ.

ನನ್ನ ತಪ್ಪನ್ನೂ ಬಚ್ಚಿಡುವುದಿಲ್ಲ. ವ್ಯಾನಿನಲ್ಲಿ ಹೋದ ಆ ಗುರುವಾರಕ್ಕೂ ಟ್ಯಾಪ್ಲಿನ್‌ನಿಂದ ಮೂವತ್ತೆಂಟು ಮೈಲಿಯ ಖರ್ಚು ತೆಗೆದುಕೊಂಡಿದ್ದೆ. ವ್ಯಾನು ನಮ್ಮ ಶಾಲೆಯದು, ಪೆಟ್ರೋಲೂ ನಮ್ಮ ಶಾಲೆಯದು. ಅಭ್ಯಾಸದಿಂದ ಫಾರಂ ತುಂಬಿದೆ. ಮರುದಿನವೇ ತಿಳಿಯಿತು, ಆದರೂ ಹತ್ತು ದಿನ ಬಾಯಿಬಿಡಲಿಲ್ಲ. ಕಳೆದ ಸಲ ನಿಮಗೂ ಬರೆಯಲಿಲ್ಲ. ಈಗ ಹಿಂದಿರುಗಿಸಿದ್ದೇನೆ, ಆ ಫಾರಂ ಕೂಡ ಫ್ರೀಡಾಳಿಗೆ ಹೋಗುತ್ತದೆ.

ನೆಲ್ಡಾ ಟಿಡ್ವೆಲ್

*

ಹ್ಯೂಸ್ಟನ್
ಅಕ್ಟೋಬರ್ 26, 2011
ರಿಜಿಸ್ಟರ್ಡ್ ಅಂಚೆ, ಸೂಪರಿಂಟೆಂಡೆಂಟ್ ಕಚೇರಿಗೆ

ನೆಲ್ಡಾ,

ಇದನ್ನು ಕಚೇರಿಗೇ ಕಳಿಸುತ್ತಿದ್ದೇನೆ. ಅಂಚೆ ಒಡೆಯುವವಳು ಓದಲಿ.

ಆ ಆರು ಜನ ಸುಳ್ಳು ಹೇಳಲಿಲ್ಲ. ನಾನು ಹೇಳಿದೆ.

ನಾನು ಯಾರಿಗೂ ಫೋನ್ ಮಾಡಲಿಲ್ಲ. ಒಬ್ಬರಿಗೂ ಇಲ್ಲ. ಡಾಯ್ಲ್‌ನ ಗೊಣಗಾಟವನ್ನೂ ನಾನೇ ಹುಟ್ಟಿಸಿದೆ, ನಿನಗೆ ನಂಬಿಕೆ ಬರಲಿ ಎಂದು. ಕಾಗದ ಸುಡು ಅಂದದ್ದು ಕೇಸಿಗೆ ಹೆದರಿ ಅಲ್ಲ. ಫೋನನ್ನೇ ಮಾಡದವನ ಮೇಲೆ ಎಲ್ಲಿಯ ಕೇಸು? ನಿನ್ನ ಕಣ್ಣಲ್ಲಿ ಸಣ್ಣವನಾಗಬಾರದು ಅಂತ ಅಂದೆ. ನೀನು ಅಷ್ಟು ಜನರ ಮುಂದೆ ಎದ್ದು ನಿಂತದ್ದನ್ನು ಓದಿದ ಮೇಲೆ ನನಗೆ ಕೂರಲು ಆಗಲಿಲ್ಲ.

ಇಲ್ಲಿ ಮಗುವೂ ಇಲ್ಲ, ಮೊಮ್ಮಗುವೂ ಇಲ್ಲ. ನಾವು ಬಂದದ್ದು ಆಸ್ಪತ್ರೆಗೆ. ಆಗಸ್ಟ್ ಹತ್ತರ ಬೆಳಿಗ್ಗೆ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ ಇಮೋಜೀನ್‌ಳ ಹೊಟ್ಟೆಯಲ್ಲಿ ಗಡ್ಡೆಯಿದೆ, ಕೊಯ್ದು ತೆಗೆಯುವ ಜಾಗದಲ್ಲಿ ಇಲ್ಲ ಅಂದರು. ಅವಳನ್ನು ಇನ್ನೊಂದು ಪರೀಕ್ಷೆಗೆ ಕರೆದೊಯ್ದರು. ನಾನು ಹೊರಗಿನ ಬೆಂಚಿನಲ್ಲಿ ಕುಳಿತೆ. ಜೇಬಿನಲ್ಲಿ ನಿನ್ನ ಕಾಗದವಿತ್ತು. ಆರು ಜನಕ್ಕೆ ಫೋನ್ ಮಾಡಿ ಕ್ಷೇಮ ಸಮಾಚಾರ ಆಡುವ ಶಕ್ತಿ ನನಗಿರಲಿಲ್ಲ. ಎಲ್ಲರೂ ಒಪ್ಪುತ್ತಾರೆ, ನಾಳೆ ಕೇಳಿದರಾಯಿತು ಎಂದುಕೊಂಡು ಕೇಳಿದ್ದೇನೆ ಎಂದೇ ಬರೆದೆ. ಆ ನಾಳೆ ಬರಲೇ ಇಲ್ಲ. ಊರಿನಲ್ಲಿ ಯಾರಿಗೂ ಹೇಳಕೂಡದೆಂದು ಇಮೋಜೀನ್ ನನ್ನಿಂದ ಆಣೆ ಮಾಡಿಸಿಕೊಂಡಿದ್ದಾಳೆ. "ಚರ್ಚಿನ ಹೆಂಗಸರು ಒಬ್ಬೊಬ್ಬರೇ ಬೇಯಿಸಿದ ತಟ್ಟೆ ಹಿಡ್ಕೊಂಡು ಬಂದು ನನ್ನ ಮುಖ ನೋಡಿ ಅಳೋದು ಬೇಡ," ಅನ್ನುತ್ತಾಳೆ.

ನಾನು ಅಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಕೊಟ್ಟಿದ್ದೇನೆ. ನಿನ್ನ ಕೆಲಸ ಉಳಿಯಬೇಕಾದರೆ ಏನು ಕೊಡಬೇಕೋ ಕೊಡು, ಯಾರಿಗೆ ಏನು ತೋರಿಸಬೇಕೋ ತೋರಿಸು. ನಾನು ಬೇರೇನನ್ನೂ ಕೇಳುವ ಹಕ್ಕು ಉಳಿಸಿಕೊಂಡಿಲ್ಲ.

ಓರ್ವಲ್

*

ಮಾರ್ಲೋ ಗ್ಯಾಪ್
ನವೆಂಬರ್ 3, 2011

ಓರ್ವಲ್ ಅವರಿಗೆ,

ನಿಮ್ಮ ರಿಜಿಸ್ಟರ್ಡ್ ಕಾಗದವನ್ನು ನಾನೇ ಸಹಿ ಹಾಕಿ ಪಡೆದೆ, ಬೇರೆ ಯಾರೂ ಓದಿಲ್ಲ. ಅದಕ್ಕೆ ಮೂರು ಉತ್ತರ ಬರೆದು ಮೂರನ್ನೂ ಹರಿದೆ. ಅವೂ ಊರಿನ ಸ್ವತ್ತು ಎಂದು ಫ್ರೀಡಾ ಕೇಳದಿದ್ದರೆ ಸಾಕು.

ನನಗೆ ಸಿಟ್ಟು ಬಂದಿದೆ. ನಿಮ್ಮ ಮೇಲೆ, ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೆ. ನಿಯಮ ಇರುವುದೇ ಇದಕ್ಕೆ, ಒಬ್ಬರ ಬಾಯಿಮಾತಿನ ಮೇಲೆ ಇನ್ನೊಬ್ಬರು ನಡೆಯಬಾರದು ಅಂತ. ಬೇರೆ ಊರಿನ ಹೊಸ ಸೂಪರಿಂಟೆಂಡೆಂಟರಿಗೆ ಇದನ್ನೇ ಪಾಠ ಹೇಳಿದವಳು ನಾನು. ಎದುರಿಗೆ ನೀವಿದ್ದಿರಿ ಎಂದು ಮರೆತೆ.

ಅರ್ಜಿಗೆ ಕೊಡಬೇಕಾದ್ದನ್ನೆಲ್ಲ ನಿನ್ನೆ ಕೊಟ್ಟಿದ್ದೇನೆ. ಹತ್ತನೇ ತಾರೀಖು ನನ್ನ ವಿಷಯಕ್ಕೇ ವಿಶೇಷ ಸಭೆ. ನೀವು ಬರಬೇಡಿ, ಮೇಡಂ ಬಳಿ ಇರಿ. ಅವರ ಕೈ ಒಮ್ಮೆ ಹಿಡಿದು ನನ್ನ ಹೆಸರು ಹೇಳಿ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಗೊತ್ತಾಗುತ್ತಿಲ್ಲ.

ನೆಲ್ಡಾ

*

ಮಾರ್ಲೋ ಗ್ಯಾಪ್
ನವೆಂಬರ್ 11, 2011

ಓರ್ವಲ್ ಅವರಿಗೆ,

ಮುಗಿಯಿತು. ಮೊದಲು ಆರೂ ಜನರ ಹೆಸರು ಹೇಳಿ, ಎಲ್ಲರೂ ಕೇಳುವಂತೆ ಕ್ಷಮೆ ಕೇಳಿದೆ. ನನ್ನ ಮದುವೆಯಲ್ಲಿ ಹಾಡಿದವಳು ಅತ್ತಳು. ಮೈಲಿ ಖರ್ಚಿನ ತಪ್ಪನ್ನು ನಾನೇ ಎದ್ದು ಹೇಳಿದೆ. ಆಮೇಲೆ ಡಾಯ್ಲ್ ನನಗೆ ಒಂದು ಪ್ರಶ್ನೆ ಕೇಳಿದರು. ಅದಕ್ಕೆ ಉತ್ತರ ಕೊಟ್ಟರೆ ಸಾಕು, ಎಚ್ಚರಿಕೆ ಕೊಟ್ಟು ಬಿಡುತ್ತೇವೆ ಅಂದರು. ನಾನು ಉತ್ತರ ಕೊಡಲಿಲ್ಲ. ಹಾಗಾದರೆ ರಾಜೀನಾಮೆ ಬರೆದುಕೊಡಿ ಅಂದರು. ಬರೆದುಕೊಟ್ಟೆ. ಅದನ್ನು ಒಪ್ಪಿಕೊಳ್ಳಲು ನಾಲ್ಕು ಕೈ ಪರ, ಎರಡು ವಿರುದ್ಧ.

ಸೂಪರಿಂಟೆಂಡೆಂಟ್ ಕಚೇರಿಯಲ್ಲಿ ಕಳೆದ ಹದಿನಾರು ವರ್ಷದ ಸಾಮಾನು ನಾಲ್ಕು ರಟ್ಟಿನ ಪೆಟ್ಟಿಗೆಗೆ ಸಾಕಾಯಿತು. ಟ್ಯಾಪ್ಲಿನ್‌ನ ವರದಿಗಳೆಲ್ಲ ಆಸ್ಟಿನ್‌ಗೆ ತಲುಪಿವೆ, ಶಾಲೆ ಉಳಿಯುತ್ತದೆ. ನನ್ನ ಬಗ್ಗೆ ಯೋಚಿಸಬೇಡಿ. ಮೇಡಂ ಏನು ತಿನ್ನುತ್ತಿದ್ದಾರೆ, ನಿದ್ದೆ ಬರುತ್ತಿದೆಯೇ, ಅಷ್ಟು ಬರೆದು ಕಳಿಸಿ.

ನೆಲ್ಡಾ

*

ಹ್ಯೂಸ್ಟನ್
ನವೆಂಬರ್ 19, 2011

ನೆಲ್ಡಾ,

ನೀನು ಬಹಳ ಕಳ್ಳಿ.

ನಮ್ಮೂರಿನ ವಾರಪತ್ರಿಕೆ ಇಲ್ಲಿಗೆ ಹತ್ತು ದಿನ ತಡವಾಗಿ ಬರುತ್ತದೆ. ನಿನ್ನೆ ಬಂತು. ಫ್ರೀಡಾ ನಮ್ಮ ಕಾಗದಗಳನ್ನೆಲ್ಲ ಇದ್ದ ಹಾಗೇ ಅಚ್ಚು ಹಾಕಿದ್ದಾಳೆ. ನನ್ನ ಕೊನೆಯ ಕಾಗದದಲ್ಲಿ "ಒಬ್ಬರಿಗೂ ಇಲ್ಲ" ಎಂಬುದಿದೆ, "ಡಾಯ್ಲ್‌ನ ಗೊಣಗಾಟ" ಇದೆ. ಅದರ ಕೆಳಗೆ ಒಂದು ಇಡೀ ಪ್ಯಾರಾದ ಮೇಲೆ ನೀನು ಬಳಿದ ಕಪ್ಪು ಮಸಿ. ತಲೆಬರಹ ಏನು ಗೊತ್ತೇ? "ಮಸಿಯ ಕೆಳಗೆ ಯಾವ ಒಪ್ಪಂದ?" ಶಾಲೆಗಳ ವಿಲೀನ ಎಂದು ಒಬ್ಬ, ಲಂಚ ಎಂದು ಒಬ್ಬ. ನನಗೂ ನಿನಗೂ ಸಂಬಂಧ ಕಟ್ಟಿದವನೂ ಒಬ್ಬನಿದ್ದಾನೆ, ನನ್ನ ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ! ಡಾಯ್ಲ್ ನಿನಗೆ ಕೇಳಿದ ಪ್ರಶ್ನೆ ಯಾವುದೆಂದು ಆಗ ತಿಳಿಯಿತು.

ಪತ್ರಿಕೆಯನ್ನು ಬಚ್ಚಿಡುವ ಮೊದಲೇ ಇಮೋಜೀನ್ ಕಿತ್ತುಕೊಂಡಳು. ಕನ್ನಡಕ ಹಾಕಿ ಪೂರ್ತಿ ಓದಿದಳು. "ಇಲ್ಲಿ ಏನು ಬರೆದಿದ್ರಿ?" ಎಂದು ಕಪ್ಪಿನ ಮೇಲೆ ಬೆರಳಿಟ್ಟಳು. ಹೇಳಿದೆ.

"ನನ್ನ ಖಾಯಿಲೆ ಮುಚ್ಚೋಕೆ ಆ ಹುಡುಗಿ ಕೆಲಸ ಕಳ್ಕೊಂಡ್ಲಾ?" ಅಂದಳು. "ನೀವೇನ್ರಿ ಮಾಡ್ತಿದ್ರಿ? ಸುಮ್ನೆ ಕೂತು ನೋಡ್ತಿದ್ರಾ? ಕೊಡಿ ಫೋನು."

ಡಾಯ್ಲ್‌ನ ಅಂಗಡಿಗೆ ಅವಳೇ ನಂಬರು ಒತ್ತಿದಳು. ಪಕ್ಕದಲ್ಲೇ ಕುಳಿತಿದ್ದ ನನಗೆ ಅವಳ ಮಾತು ಒಂದೂ ತಪ್ಪಲಿಲ್ಲ.

"ಡಾಯ್ಲ್, ನಾನು ಕಣೋ, ನಿನ್ನ ಎರಡನೇ ಕ್ಲಾಸ್ ಮೇಡಂ. ಕೂತ್ಕೋ. ಆ ಪತ್ರಿಕೇಲಿ ಮಸಿ ಬಳಿದಿದೆಯಲ್ಲ, ಅದರ ಕೆಳಗೆ ಇರೋದು ನಾನು. ಸಾಯ್ತಾ ಇದೀನಿ. ಯಾರಿಗೂ ಹೇಳ್ಬೇಡಿ ಅಂತ ನಾನೇ ಅಂದಿದ್ದೆ, ಆ ಹುಡುಗಿ ಹೇಳ್ಲಿಲ್ಲ, ಅಷ್ಟೇ. ಏಳು ವರ್ಷದವನಿದ್ದಾಗ ನೀನು ಕ್ಲಾಸಲ್ಲಿ ಚಡ್ಡಿ ಒದ್ದೆ ಮಾಡ್ಕೊಂಡೆ, ನೆನಪಿದೆಯಾ? ನಾನು ಹೂವಿನ ಗಿಡಕ್ಕೆ ಹಾಕೋ ನೀರು ನಿನ್ನ ಮೇಲೆ ಚೆಲ್ಲಿ, ನನ್ನ ಕೈಜಾರಿತು ಅಂತ ಎಲ್ಲರಿಗೂ ಹೇಳಿದ್ದೆ. ಇವತ್ತಿನವರೆಗೂ ಯಾರಿಗಾದ್ರೂ ಹೇಳಿದೀನಾ? ಹ್ಞಾಂ. ಮತ್ತೆ?"

ಆ ಕಡೆ ಡಾಯ್ಲ್, "ಮೇಡಂ, ನಾನೇನು ಮಾಡ್ಲಿ ಈಗ?" ಅಂದನಂತೆ. "ಅದನ್ನೂ ನಾನೇ ಹೇಳ್ಕೊಡ್ಬೇಕಾ?" ಎಂದು ಫೋನಿಟ್ಟಳು.

ಇನ್ನು ಇಲ್ಲಿ ಇರುವುದು ಬೇಡವಂತೆ, ಊರಿಗೆ ಹೋಗಬೇಕಂತೆ. ಚರ್ಚಿನ ಹೆಂಗಸರ ತಟ್ಟೆಗಳು ಬಂದರೆ ಬರಲಿ, ಆದರೆ ಟ್ಯೂನ ಮೀನಿನದು ಮಾತ್ರ ಬೇಡ ಎಂದು ಫ್ರೀಡಾಳ ಪತ್ರಿಕೆಯಲ್ಲಿ ಹಾಕಿಸಬೇಕಂತೆ. ಆಣೆ ಮಾಡಿಸಿಕೊಂಡ ಮೇಲೆ ಮೊದಲ ಸಲ ಅವಳು ಜೋರಾಗಿ ನಕ್ಕಳು. ನಾನು ಹೊರಗೆ ಹೋಗಿ ಅತ್ತೆ.

ನೆಲ್ಡಾ, ನನ್ನನ್ನು ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ.

ಓರ್ವಲ್

*

ಟ್ಯಾಪ್ಲಿನ್
ಡಿಸೆಂಬರ್ 13, 2011

ಓರ್ವಲ್ ಅವರಿಗೆ,

ನೀವಿಬ್ಬರೂ ಊರಿಗೆ ಬಂದು ಹತ್ತು ದಿನವಾಯಿತು ಎಂದು ಗೊತ್ತು. ನಾನು ಬರಲಿಲ್ಲ. ಹತ್ತೊಂಬತ್ತು ಮೈಲಿ ದೂರಕ್ಕೆ ಅಂಚೆಯಲ್ಲಿ ಕಾಗದ ಹಾಕುತ್ತಿದ್ದೇನೆ, ನಗಬೇಡಿ. ಎದುರಿಗೆ ಕುಳಿತು ಇದನ್ನೆಲ್ಲ ಹೇಳಲು ನನಗೆ ಇನ್ನೂ ಬರುವುದಿಲ್ಲ.

ಡಿಸೆಂಬರ್ ಒಂದರಿಂದ ನಾನು ಟ್ಯಾಪ್ಲಿನ್ ಶಾಲೆಯ ಸೂಪರಿಂಟೆಂಡೆಂಟ್. ಸಂಬಳ ಮೊದಲಿಗಿಂತ ಕಡಿಮೆ. ಗೂಳಿ ಚಿತ್ರದ ಲೋಟ ಈಗ ನನ್ನದೇ. ಆಸ್ಟಿನ್‌ನಿಂದ ನನ್ನ ಹೆಸರಿಗೆ ಒಂದು ಎಚ್ಚರಿಕೆ ಪತ್ರ ಬಂದಿದೆ, ಒಪ್ಪಿಗೆಯಿಲ್ಲದೆ ಹೊರಗೆ ದುಡಿದದ್ದಕ್ಕೆ. ನ್ಯಾಯವಾಗಿದೆ. ಅದನ್ನು ಕಚೇರಿಯ ಫೈಲಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಿದ್ದೇನೆ.

ಕಳೆದ ಬುಧವಾರ ಡಾಯ್ಲ್ ಬಂದಿದ್ದರು. ಟ್ಯಾಪ್ಲಿನ್‌ನ ಊಟದ ಹಾಲ್‌ನಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ನಮ್ಮ ಅಡುಗೆಯವಳು ಬೇಕೆಂದೇ ಅವರಿಗೆ ಬೀನ್ಸು ಬಡಿಸಲಿಲ್ಲ. ಮೊದಲು ನನ್ನ ಕೋಳಿ ಕಾಳಿನ ಚೀಲವನ್ನು ಟ್ರಕ್ಕಿನಿಂದ ಇಳಿಸಿಕೊಟ್ಟರು. ಆಮೇಲೆ, "ಆವತ್ತು ನಾನು ಹಂಗೆ ಕೇಳ್ಬಾರ್ದಾಗಿತ್ತು ಮೇಡಂ," ಅಂದರು. ನಾನೂ ಆರು ಜನರನ್ನು ಸುಳ್ಳರು ಎನ್ನಬಾರದಾಗಿತ್ತು ಅಂದೆ. ಮಾರ್ಲೋ ಗ್ಯಾಪ್‌ಗೆ ಹೊಸಬರು ಸಿಗುವವರೆಗೆ ವಾರಕ್ಕೆ ಎರಡು ಮಧ್ಯಾಹ್ನ ಬಂದು ಕೆಲಸ ನೋಡಿಕೊಳ್ಳಬೇಕಂತೆ, ಕಾಗದ ಪತ್ರ ಎಲ್ಲ ಗೋಜಲಾಗಿದೆಯಂತೆ. ಹೌದು, ಅದೇ ಎರಡು ಮಧ್ಯಾಹ್ನ.

"ನಮ್ಮ ಮಂಡಳಿ ಒಪ್ಪಬೇಕಲ್ಲ," ಅಂದೆ.

"ಅದಕ್ಕೇನು! ಟ್ಯಾಪ್ಲಿನ್‌ನವರನ್ನ ಒಬ್ಬೊಬ್ಬರನ್ನೇ ಮಾತಾಡ್ಸಿ ಬಂದಿದೀನಿ. ಎಲ್ಲರೂ ಒಪ್ಪಿದಾರೆ."

ನನಗೆ ಏನಾಯಿತೋ ಗೊತ್ತಿಲ್ಲ, ಓರ್ವಲ್ ಅವರೇ. "ಡಾಯ್ಲ್, ಹೊರಗೆ ಹೋಗಿ," ಅಂದೆ. ಪಾಪ, ಆ ಮನುಷ್ಯ ಹೆದರಿ ಹೊರಟೇಬಿಟ್ಟರು. ಬಾಗಿಲವರೆಗೆ ಹೋದಾಗ ಹಿಂದಿನಿಂದ ಕೂಗಿ ಹೇಳಿದೆ, "ನೀವು ಬಂದು ಕೇಳಿದ್ದಕ್ಕೆ ಸಂತೋಷ. ಆದ್ರೆ ಅದು ಈ ಬಾಗಿಲ ಮೇಲೆ ಕಾಗದ ಆಗಿ ಬರ್ಬೇಕು. ನಿಮ್ಮ ಊರಿನ ಹೆಸರು, ನನ್ನ ಹೆಸರು, ದುಡ್ಡು ಎಷ್ಟು, ಎಲ್ಲಾ."

ಶುಕ್ರವಾರ ಬೆಳಿಗ್ಗೆ ಕಾರ್ಯಸೂಚಿಯನ್ನು ನಾನೇ ಬಾಗಿಲಿಗೆ ಅಂಟಿಸಿದೆ. ಶನಿವಾರದ ಹೊತ್ತಿಗೆ ಅದರ ಮೇಲೆ ಯಾರೋ ಕಾಡುಬೆಕ್ಕಿನ ಬಾಲ ಬರೆದಿದ್ದರು. ನಿನ್ನೆ ಸಂಜೆ ಸಭೆ. ಹಾಲ್ ತುಂಬಿತ್ತು, ಮಾರ್ಲೋ ಗ್ಯಾಪ್‌ನವರೂ ಬಂದಿದ್ದರು, ಫ್ರೀಡಾ ಮುಂದಿನ ಸಾಲಿನಲ್ಲಿದ್ದಳು. ಟ್ಯಾಪ್ಲಿನ್‌ನ ಮುದುಕನೊಬ್ಬ ಎದ್ದು, "ಇವಳನ್ನ ಅವರು ಹೊರಗೆ ಹಾಕಿದ್ದಕ್ಕೆ ತಾನೇ ನಮಗೆ ಸಿಕ್ಕಿದ್ದು, ಈಗ್ಯಾಕೆ ಸಾಲ ಕೊಡೋದು?" ಎಂದು ರೇಗಿದ. ಒಂದು ಗಂಟೆ ಜಗಳವಾಡಿದರು. ಆಮೇಲೆ ಮತ ಹಾಕಿದರು. ಐದು ಜನ ಕೈ ಎತ್ತಿದರು, ಇಬ್ಬರು ಎತ್ತಲಿಲ್ಲ. ಎತ್ತದ ಇಬ್ಬರು ಯಾರು, ಯಾಕೆ ಎತ್ತಲಿಲ್ಲ ಎಂಬುದು ನನಗೆ ಗೊತ್ತು, ಊರಿಗೂ ಗೊತ್ತು. ಎಲ್ಲರೂ ಒಪ್ಪಿದ್ದಾರೆ ಎನ್ನುವುದಕ್ಕಿಂತ ಅದು ನನಗೆ ಎಷ್ಟೋ ಹಿತವಾಗಿತ್ತು.

ಮೇಡಂಗೆ ಇದನ್ನು ಓದಿ ಹೇಳಿ. ನನ್ನ ಮೇಲೆ ಬಿದ್ದ ಮಸಿಯನ್ನು ಅವರು ತೊಳೆದರು. ಅದಕ್ಕೆ ಅವರು ಏನು ತೆರಬೇಕಾಯಿತು ಎಂಬುದನ್ನು ನಾನು ಮರೆಯುವುದಿಲ್ಲ.

ನಿಮ್ಮನ್ನು ಕ್ಷಮಿಸಿದ್ದೇನೆಯೇ ಎಂದು ನನ್ನನ್ನೇ ದಿನಾ ಕೇಳಿಕೊಳ್ಳುತ್ತೇನೆ. ಆ ಬೆಂಚಿನಲ್ಲಿ ಕುಳಿತ ಮುದುಕನನ್ನು ಕ್ಷಮಿಸಿದ್ದೇನೆ. ಆಮೇಲೆ ಎರಡು ತಿಂಗಳು ಬಾಯಿಮುಚ್ಚಿ, ಸುಡು ಎಂದು ಬರೆದವರನ್ನು ಇನ್ನೂ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದೇನೆ, ಇನ್ನು ಮುಂದೆ ನಮ್ಮಿಬ್ಬರ ನಡುವೆ ಹೀಗೇ ಇರಲಿ.

ಶನಿವಾರ ಹನ್ನೊಂದು ಗಂಟೆಗೆ ಮೇಡಂನ ನೋಡಲು ಬರುತ್ತೇನೆ. ಅವರನ್ನು ನೋಡಲು ಮಾತ್ರ. ಬಾಗಿಲು ತೆರೆಯಲು ಅವರಿಗೆ ಎದ್ದು ಬರಲು ಆಗುವುದಿಲ್ಲವಲ್ಲ, ನೀವೇ ತೆರೆಯಿರಿ.

ನೆಲ್ಡಾ